2011ರ ಆಲ್ಟೊ, 1.32 ಲಕ್ಷ ಕಿ.ಮೀ.: ನಿಂತ್ರ ಕಾಯ್ತೈತಿ, ಓಡಿದ್ರ ತಣ್ಣಗಾಗ್ತೈತಿ. ಎಲ್ಲಿಂದ ಶುರು ಮಾಡೋದು?

ನವನಗರ-29
ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಆಲ್ಟೊ ಎಲ್‌ಎಕ್ಸ್‌ಐ, 796 ಸಿಸಿ ಪೆಟ್ರೋಲ್, 2011ರದ್ದು, ಕೆಎ-29. ದಿನಾ ಬಾಗಲಕೋಟೆ ನವನಗರದಿಂದ ಲೋಕಾಪುರಕ್ಕ ಹೋಗಿ ಬರೋದು. ಲಕ್ಷಣ ಹಿಂಗ ಅದಾವ:

ಎಸಿ ಹಾಕಿ ಕಬ್ಬಿನ ಟ್ರ್ಯಾಕ್ಟರ್ ಹಿಂದ ತೆವಳ್ಕೊಂತ ಹೊಂಟ್ರ ಟೆಂಪರೇಚರ್ ಕಾಟಾ ಮುಕ್ಕಾಲಿಗೆ ಏರ್ತೈತಿ. ರಸ್ತೆ ಖಾಲಿ ಸಿಕ್ಕು 60ರಾಗ ಓಡಿದ್ರ ಅರ್ಧಕ್ಕಿಂತ ಎಷ್ಟೋ ಕೆಳಗ ಇಳೀತೈತಿ. ಹದಿನೈದು ದಿನಕ್ಕ ಅರ್ಧ ಲೀಟರ್ ನೀರು ಕಡಿಮಿ ಆಗ್ತೈತಿ, ನೆಲಕ್ಕ ಹನಿ ಕಾಣಂಗಿಲ್ಲ. ಇಲ್ಲೀತನಕ ಹಾಕಿದ್ದು ಬೋರಿನ ನೀರು. ಮುಂಜಾನೆ ಸೆಲ್ಫ್ ಜಡ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊಂಟ್ರ ಮುಂದಿನ ಎಡಗಾಲಿಯೊಳಗ ಕಟಕಟ ಸಪ್ಪಳ.

ಗ್ಯಾರೇಜಿನ್ಯಾಗ ರೇಡಿಯೇಟರ್, ವಾಟರ್ ಪಂಪ್, ಹೆಡ್ (ಎಂಜಿನ್ನಿನ ಮ್ಯಾಲಿನ ಭಾಗ) ಕೆಲಸ ಎಲ್ಲಾ ಒಮ್ಮೆಗೇ ಮಾಡ್ಸ್ರಿ ಅಂತಾರ. 2026ಕ್ಕ ಆರ್‌ಸಿ 15 ವರ್ಷ ಮುಗೀತೈತಿ. ಇಟ್ಕೊಳ್ಳೋದೋ, ಕೊಟ್ಟು ಬಿಡೋದೋ? ಇಟ್ಕೊಂಡ್ರ ಯಾವುದು ಮೊದಲು?

ಗುಮ್ಮಟದ ನೆರಳು
ಯಾವ ಭಾಗವನ್ನೂ ಇನ್ನೂ ಕೊಳ್ಳಬೇಡಿ. ನೀವು ಬರೆದದ್ದರಲ್ಲೇ ಎರಡು ಬೇರೆ ಬೇರೆ ದೋಷಗಳಿವೆ.

ನಿಂತಾಗ ಏರಿ ಓಡುವಾಗ ಇಳಿದರೆ ಅದು ಗಾಳಿಯ ಕೊರತೆ. ಓಡುವ ಗಾಡಿಗೆ ಎದುರುಗಾಳಿಯೇ ಫ್ಯಾನ್. ನಿಂತ ಗಾಡಿಗೆ ವಿದ್ಯುತ್ ಫ್ಯಾನ್ ಬಿಟ್ಟರೆ ಗತಿಯಿಲ್ಲ. ಆದ್ದರಿಂದ ಫ್ಯಾನ್, ಅದರ ರಿಲೇ (ಫ್ಯಾನಿಗೆ ವಿದ್ಯುತ್ ಬಿಡುವ ಸ್ವಿಚ್), ವೈರು, ಎಸಿಯ ಕಂಡೆನ್ಸರ್ (ರೇಡಿಯೇಟರ್ ಮುಂದಿನ ಜಾಲರಿ) ಮತ್ತು ರೇಡಿಯೇಟರ್ ನಡುವೆ ಸೇರಿದ ಕಸ, ಇವಿಷ್ಟೇ ಮೊದಲ ಅನುಮಾನ. ತದ್ವಿರುದ್ಧವಾಗಿ, ವಿಜಯಪುರ–ಸೊಲ್ಲಾಪುರ ಹೆದ್ದಾರಿಯಂಥ ರಸ್ತೆಯಲ್ಲಿ 90ರ ವೇಗದಲ್ಲಿ ಕಾಟಾ ಏರುತ್ತಿದ್ದರೆ ಅದು ನೀರಿನ ಹರಿವಿನ ದೋಷ: ರೇಡಿಯೇಟರ್ ಒಳಗೆ ಕಟ್ಟಿದ ಸುಣ್ಣ, ಸವೆದ ಪಂಪ್, ಅರ್ಧವೇ ತೆರೆಯುವ ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್), ಅಥವಾ ಎಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್. ನಿಮ್ಮ ಗಾಡಿ ಹೆದ್ದಾರಿಯಲ್ಲಿ ಕಾಯುತ್ತಿಲ್ಲ. ಹಾಗಾಗಿ ಪಂಪಿನ ಮೇಲೆ ಈಗಲೇ ದೂರು ಹಾಕಲು ಕಾರಣವಿಲ್ಲ.

ಎರಡನೆಯದು ಇದಕ್ಕಿಂತ ಕುತೂಹಲದ್ದು. ಓಡುವಾಗ ಕಾಟಾ ‘ಅರ್ಧಕ್ಕಿಂತ ಎಷ್ಟೋ ಕೆಳಗೆ’ ಇಳಿಯುತ್ತದೆ ಎಂದಿರಿ. ಥರ್ಮೋಸ್ಟ್ಯಾಟ್ ಇದ್ದ ಎಂಜಿನ್ನಿನಲ್ಲಿ ಹಾಗಾಗದು. ನೀರು ತಣ್ಣಗಾದಂತೆ ಅದು ಮುಚ್ಚಿಕೊಂಡು ಬಿಸಿಯನ್ನು ಹಿಡಿದಿಡುತ್ತದೆ. ಒಂದೋ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ತೆಗೆದುಹಾಕಿದ್ದಾರೆ. ಮೇಲಿನ ಹೋಸ್ ಸೇರುವ ಕಡೆ ಹೌಸಿಂಗ್ ಬಿಚ್ಚಿ ನೋಡಿ.

ಎರಿ ಹೊಲ
ನಮ್ಮ ಮುಧೋಳ ಕಡೆ ಹಳೇ ಗಾಡಿಯೊಳಗ ಥರ್ಮೋಸ್ಟ್ಯಾಟ್ ಇರೋದೇ ಇಲ್ರಿ. ಮಿಸ್ತ್ರಿಗಳು “ಇಲ್ಲಿ ಬಿಸಿಲೈತಿ, ಅದು ಚಳಿ ದೇಶದ್ದು” ಅಂತ ಕಿತ್ತು ಒಗೀತಾರ. ಗಾಡಿ ಓಡ್ತಾವಲ್ಲ?

ಹತ್ತು-ಹನ್ನೆರಡರ ಪಾನಾ
ಓಡ್ತಾವ್ರಿ, ಆದ್ರ ಹೆಂಗ ಓಡ್ತಾವ ನೋಡ್ರಿ. ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಬರೋಕಿಂತ ಮೊದಲಿನ ಕಾರ್ಬೊರೇಟರ್ ಗಾಡಿಗೆ ಹುಟ್ಟಿದ ಚಾಳಿ ಇದು. ಈಗಿನ ಎಂಜಿನ್ನಿಗೆ ನೀರು ಎಷ್ಟು ಕಾದೈತಿ ಅಂತ ಸೆನ್ಸರ್ ಹೇಳ್ತೈತಿ. “ಇನ್ನೂ ತಣ್ಣಗೈತಿ” ಅಂದ್ರ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡ್ತೈತಿ. ಆ ಹೆಚ್ಚಿನ ಪೆಟ್ರೋಲ್ ಸುಡಲಾರದ ಸಿಲಿಂಡರ್ ಗೋಡಿ ತೊಳ್ಕೊಂಡು ಆಯಿಲಿಗೆ ಇಳೀತೈತಿ. ಆಯಿಲ್ ತೆಳ್ಳಗ, ರಿಂಗ್ ಸವಕಳಿ, ಮೈಲೇಜ್ ಕಡಿಮಿ, ಪ್ಲಗ್ ಕರ್ರಗ. ಬೆಳಗಾವಿ ಮಳಿಗಾಲದಾಗಂತೂ ಅಂಥಾ ಗಾಡಿ ದಿನಾಪೂರ್ತಿ ಕಾಯೋದೇ ಇಲ್ಲ.

ಇನ್ನೊಂದು ಮಾತು. ಥರ್ಮೋಸ್ಟ್ಯಾಟ್ ತಗದ್ರ ಎಂಜಿನ್ ತಣ್ಣಗಿರತೈತಿ ಅನ್ನೋದು ಎಲ್ಲಾ ಕಡೆ ಖರೆ ಅಲ್ಲ. ಕೆಲವು ಎಂಜಿನ್ನಿನ್ಯಾಗ ಅದು ತೆರೆದಾಗ ಹಿಂದಿನ ಬೈಪಾಸ್ ದಾರಿ ಮುಚ್ಚೋ ಕೆಲಸಾನೂ ಮಾಡ್ತೈತಿ. ಕಿತ್ತು ಹಾಕಿದ್ರ ಬೈಪಾಸ್ ತೆರೆದೇ ಉಳೀತೈತಿ, ಒಂದಿಷ್ಟು ನೀರು ರೇಡಿಯೇಟರಿಗೆ ಹೋಗದನ ಎಂಜಿನ್ನಿನೊಳಗ ಗಿರಕಿ ಹೊಡೀತೈತಿ.

ಹೊಸಾದು ತಂದ್ರೂ ಹಾಕೋಕಿಂತ ಮೊದಲು ಒಲಿ ಮ್ಯಾಲೆ ನೋಡ್ರಿ. ಅದರ ಮೈಮ್ಯಾಲೆ ತೆರೆಯೋ ಡಿಗ್ರಿ ಕೆತ್ತಿರತೈತಿ, 82 ಅಥವಾ 88 ಇದ್ದೀತು. ಪಾತೇಲಿ ನೀರಾಗ ದಾರದಿಂದ ಇಳಿಬಿಟ್ಟು, ತಳಕ್ಕ ತಾಕದಂಗ ಹಿಡೀರಿ. ಕುದಿ ಬರೋ ಮುಂಚೇನೇ ಬಾಯಿ ಬಿಡಾಕ ಶುರು ಆಗಬೇಕು, ಪೂರ್ತಿ ಕುದಿಯುವಾಗ ಎಂಟು ಎಂಎಂ ಹತ್ರ ತೆರೆದಿರಬೇಕು. ತೆಗೆದು ಗಾಳಿಗೆ ಹಿಡಿದ್ರ ಪೂರ್ತಿ ಮುಚ್ಚಬೇಕು. ಸಣ್ಣ ತೂತು ಅಥವಾ ಅಲುಗಾಡೋ ಮೊಳಿ ಇದ್ರ ಅದು ಮ್ಯಾಲಿನ ಕಡೆ ಬರೋ ಹಂಗ ಕೂಡ್ರಸ್ರಿ, ಸಿಕ್ಕ ಗಾಳಿ ಹೊರಗ ಹೋಗೋ ದಾರಿ ಅದು.

ವೈರಿಂಗ್ ಕಾಕಾ
ಜಡ ಸೆಲ್ಫ್, ಕಾಯೋ ಎಂಜಿನ್ ಎರಡೂ ಒಂದೇ ರೋಗ ಇರಬಹುದು, ಅರ್ಥಿಂಗ್, ಅಂದ್ರ ಬ್ಯಾಟರಿ ನೆಗೆಟಿವಿನಿಂದ ಎಂಜಿನ್, ಬಾಡಿಗೆ ಹೋಗೋ ಜೋಡಣಿ. ಮಲ್ಟಿಮೀಟರ್ ಹಿಡ್ಕೊಂಡು ಈ ಅಳತಿ ಬರೀರಿ.

ರಾತ್ರಿಪೂರ್ತಿ ನಿಂತ ಗಾಡಿಯ ಬ್ಯಾಟರಿ: 12.6 ವೋಲ್ಟ್ ಅಂದ್ರ ತುಂಬೈತಿ, 12.4 ಅಂದ್ರ ಮುಕ್ಕಾಲು, 12.0 ಅಂದ್ರ ಹೆಚ್ಚೂಕಡಿಮಿ ಖಾಲಿ. ಸೆಲ್ಫ್ ಹೊಡೆಯುವಾಗ 9.6ರ ಕೆಳಗ ಬಿದ್ರ ಬ್ಯಾಟರಿ ಸೋತೈತಿ. ಎಂಜಿನ್ ಚಾಲೂ ಇದ್ದಾಗ 13.8ರಿಂದ 14.5 ಬರಬೇಕು, ಹೆಡ್‌ಲೈಟ್, ಎಸಿ ಹಾಕಿದ್ರೂ 13.5ಕ್ಕಿಂತ ಇಳೀಬಾರದು. ಇಳಿದ್ರ ಡೈನಮೋ ಕಾರ್ಬನ್ ಬ್ರಶ್, ಬೆಲ್ಟ್ ನೋಡ್ಸ್ರಿ.

ಇನ್ನ ಯಾರೂ ಮಾಡದ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕ, ಇನ್ನೊಂದು ಎಂಜಿನ್ ಬ್ಲಾಕಿನ ಸ್ವಚ್ಛ ಲೋಹಕ್ಕ. ಮತ್ತೊಬ್ಬರು ಸೆಲ್ಫ್ ಹೊಡೀಲಿ. 0.2 ವೋಲ್ಟ್ ತನಕ ಸರಿ, 0.5 ಬಂದ್ರ ಅರ್ಥ್ ಪಟ್ಟಿ ಕೆಟ್ಟೈತಿ. ಹದಿನಾಲ್ಕು ವರ್ಷದ ಗಾಡಿಯೊಳಗ ಆ ಹೆಣೆದ ತಾಮ್ರದ ಪಟ್ಟಿ ಹೊರಗ ಚಂದ ಕಾಣ್ತೈತಿ, ಲಗ್ ಒಳಗ ಹಸಿರು ಹಿಟ್ಟಾಗಿರತೈತಿ. ಬಿಚ್ಚಿ, ಲಗ್ ಮತ್ತ ಅದು ಕೂಡೋ ಜಾಗ ಎರಡನ್ನೂ 120 ನಂಬರ್ ಪಾಲಿಶ್ ಪೇಪರಿನಿಂದ ಹೊಳೆಯೋ ತನಕ ತಿಕ್ಕಿ, ಟೈಟ್ ಮಾಡಿದ ಮ್ಯಾಲೆ ವ್ಯಾಸಲೀನ್ ಬಳೀರಿ. ಮೊದಲು ಬಳಿದು ಆಮೇಲೆ ಟೈಟ್ ಮಾಡೋದಲ್ಲ.

ಫ್ಯಾನಿಗೂ ಇದೇ ಲೆಕ್ಕ. ಫ್ಯಾನ್ ತಿರುಗೋವಾಗ ಅದರ ಪ್ಲಗ್ ಹಿಂದಿನಿಂದ ಕಡ್ಡಿ ಚುಚ್ಚಿ ವೋಲ್ಟೇಜ್ ನೋಡ್ರಿ. ಬ್ಯಾಟರಿ ಮ್ಯಾಲೆ 14 ಇದ್ದು ಅಲ್ಲಿ 11 ಚಿಲ್ಲರೆ ಬಂದ್ರ ಫ್ಯಾನ್ ತಿರುಗ್ತೈತಿ ಖರೆ, ಗಾಳಿ ಎಳೆಯಂಗಿಲ್ಲ. ನೋಡಿದವ್ರು “ಫ್ಯಾನ್ ಓಕೆ” ಅಂದು ರೇಡಿಯೇಟರ್ ಬದಲಿ ಮಾಡ್ತಾರ. ರಿಲೇ ಒಳಗಿನ ಪಾಯಿಂಟ್ ಸುಟ್ಟಿರಬಹುದು, ಪ್ಲಗ್ ಪಿನ್ ಕಂದು ಬಣ್ಣಕ್ಕ ತಿರುಗಿರಬಹುದು. ವೋಲ್ಟೇಜ್ ಸರಿಯಿದ್ದೂ ನಿಧಾನ ತಿರುಗಿದ್ರ ಮೋಟರಿನ ಬುಶ್, ಕಾರ್ಬನ್ ಸವದಾವ.

ಎಸಿ ಹಾಕಿದಾಗ ಕಂಡೆನ್ಸರ್ ಫ್ಯಾನೂ ತಿರುಗ್ತೈತೇನು, ಅದನ್ನೂ ಬಗ್ಗಿ ನೋಡ್ರಿ. ಕೈ ದೂರ ಇರಲಿ, ಎಂಜಿನ್ ಬಂದ್ ಮಾಡಿದ್ರೂ ಒಮ್ಮೊಮ್ಮೆ ಫ್ಯಾನ್ ತಾನಾಗೇ ಶುರು ಆಗ್ತೈತಿ.

ಉದ್ಯಮಬಾಗ ಲೇಥ್
ಹೆಡ್ ಇಳಿಸ್ರಿ ಅಂದವ್ರಿಗೆ ಮೊದಲು ಕೇಳ್ರಿ: ಯಾವ ಪರೀಕ್ಷೆಯೊಳಗ ಗೊತ್ತಾತು? ಹೆಡ್ ಪ್ಯಾಕಿಂಗ್ (ಹೆಡ್, ಬ್ಲಾಕ್ ನಡುವಿನ ಗ್ಯಾಸ್ಕೆಟ್) ಹೋಗೈತಿ ಅನ್ನಾಕ ಸಾಕ್ಷಿ ಬೇಕು.

ತಣ್ಣನ ಎಂಜಿನ್, ರೇಡಿಯೇಟರ್ ಮುಚ್ಚಳ ತೆಗೆದು, ನೀರು ಬಾಯಿಮಟ್ಟ ತುಂಬಿ ಸ್ಟಾರ್ಟ್ ಮಾಡ್ರಿ. ಮೊದಲು ನಾಲ್ಕಾರು ಗುಳ್ಳಿ ಬಂದು ನಿಂತ್ರ ಅದು ಸಿಕ್ಕ ಗಾಳಿ. ನಿಲ್ಲದನ ಬರ್ತಿದ್ರ, ಆಕ್ಸಿಲರೇಟರ್ ಒತ್ತಿದಷ್ಟು ಜಾಸ್ತಿ ಆಗ್ತಿದ್ರ ಅನುಮಾನ ಪಡ್ರಿ. ಪಕ್ಕಾ ಆಗಬೇಕಂದ್ರ ಲೀಕ್ ಟೆಸ್ಟ್ ದ್ರವ ಬರ್ತೈತಿ. ನೀಲಿ ಬಣ್ಣದ್ದು, ರೇಡಿಯೇಟರ್ ಬಾಯಿಯ ಗಾಳಿ ಅದರೊಳಗ ಎಳಕೊಂಡಾಗ ಹಳದಿಗೆ ತಿರುಗಿದ್ರ ಸುಟ್ಟ ಗ್ಯಾಸ್ ನೀರಿಗೆ ಸೇರ್ತೈತಿ ಅಂತ ಅರ್ಥ.

ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ, ಪ್ಲಗ್ ತೂತಿಗೆ ಗೇಜ್ ಹಾಕಿ ಅಳೆಯೋದು): ಎಂಜಿನ್ ಬೆಚ್ಚಗ, ಮೂರೂ ಪ್ಲಗ್ ಹೊರಗ, ಇಂಜೆಕ್ಟರ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ. ಅಂಕಿಗಿಂತ ಅಂತರ ಮುಖ್ಯ. ಮೂರರ ನಡುವ ಒಂದು ಕೆ.ಜಿ.ಗಿಂತ ಹೆಚ್ಚು ಫರಕ್ ಇರಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಎರಡೂ ಬಿದ್ದಿದ್ರ ಅವುಗಳ ನಡುವಿನ ಪ್ಯಾಕಿಂಗ್ ಹರಿದೈತಿ. ಒಂದೇ ಬಿದ್ದಿದ್ರ ಅದರೊಳಗ ಒಂದು ಚಮಚ ಆಯಿಲ್ ಬಿಟ್ಟು ಮತ್ತ ನೋಡ್ರಿ: ಏರಿದ್ರ ರಿಂಗು, ಏರದಿದ್ರ ವಾಲ್ವು.

ಹೆಡ್ ಇಳಿಸಲೇಬೇಕಾದ್ರ, ಅಳೀದನ ಫೇಸಿಂಗ್ (ಮಷೀನಿನ್ಯಾಗ ತಳ ಸವರೋದು) ಮಾಡ್ಸಬ್ಯಾಡ್ರಿ. ಸ್ಟ್ರೇಟ್ ಎಡ್ಜ್ ಉದ್ದಕ್ಕ, ಅಡ್ಡಕ್ಕ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗ ಫೀಲರ್ ಗೇಜ್ ತೂರಿಸಬೇಕು. 0.05 ಎಂಎಂ ಎಲೆ ತೂರಿದ್ರ ಅಷ್ಟ ಫೇಸಿಂಗ್. ನಮ್ಮ ಬೆಳಗಾವಿ ಉದ್ಯಮಬಾಗದಾಗ ಮಷೀನ್ ಶಾಪಿಗೆ ಏನೂ ಕೊರತಿ ಇಲ್ಲ. ಆದ್ರ “ಚೊಕ್ಕ ಕಾಣಲಿ” ಅಂತ ಪ್ರತಿ ಸಲ ಒಂದು ಕಟ್ ಹೊಡೆದ್ರ ದಹನ ಕೋಣೆ ಸಣ್ಣದಾಗಿ ಕಂಪ್ರೆಶನ್ ಏರ್ತೈತಿ. ಮೇ ತಿಂಗಳ ಬಿಸಿಲಿನ್ಯಾಗ ಏರು ಹತ್ತುವಾಗ ಎಂಜಿನ್ ಟಿಣಟಿಣ ಬಡೀತೈತಿ. ಬೋಲ್ಟ್ ಬಿಗಿಯುವಾಗ ನಡುವಿನಿಂದ ಅಂಚಿಗೆ, ಮೂರು ಹಂತದಾಗ, ಟಾರ್ಕ್ ಪಾನಾದಿಂದ. ಬೋಲ್ಟ್ ತೂತಿನ ತಳದಾಗ ಆಯಿಲ್, ನೀರು ನಿಂತಿದ್ರ ಮೊದಲು ಗಾಳಿ ಹೊಡೆದು ತೆಗೀರಿ. ಇಲ್ಲಂದ್ರ ದ್ರವದ ಒತ್ತಡಕ್ಕ ಬ್ಲಾಕ್ ಸೀಳ್ತೈತಿ.

ನವನಗರ-29
ಎಲ್ಲಾ ನೋಡಿದ್ಯಾ. ಥರ್ಮೋಸ್ಟ್ಯಾಟ್ ಹೌಸಿಂಗ್ ಖಾಲಿ! ರೇಡಿಯೇಟರ್ ಫ್ಯಾನ್ ಪ್ಲಗ್ಗಿನ್ಯಾಗ 11.4, ಬ್ಯಾಟರಿ ಮ್ಯಾಲೆ 14.1. ಎಂಜಿನ್–ಬ್ಯಾಟರಿ ನಡುವ ಸೆಲ್ಫ್ ಹೊಡೆಯುವಾಗ 0.6. ಗುಳ್ಳಿ ಬಂದು ನಿಂತ್ವು. ಕಂಪ್ರೆಶನ್ ಮೂರೂ ಅರ್ಧ ಕೆ.ಜಿ. ಫರಕಿನೊಳಗ ಅದಾವ. ರೇಡಿಯೇಟರ್ ಮುಚ್ಚಳದ ರಬ್ಬರ್ ಒಣಗಿ ಸೀಳೈತಿ. ಕಂಡೆನ್ಸರ್ ಮುಂದ ಕಬ್ಬಿನ ರವದಿ (ಒಣ ಎಲೆ), ಹಿಂದ ಮಣ್ಣು ಮೆತ್ತಿದಂಗ.

ಗುಮ್ಮಟದ ನೆರಳು
ಹಾಗಾದರೆ ಹೆಡ್ ಮುಟ್ಟುವ ಮಾತೇ ಇಲ್ಲ.

ಮಾಯವಾಗುತ್ತಿರುವ ಅರ್ಧ ಲೀಟರಿಗೆ ಆ ಮುಚ್ಚಳವೇ ಸಾಕು. ಅದು ಬರೀ ಮುಚ್ಚಳವಲ್ಲ, ಒತ್ತಡದ ವಾಲ್ವ್. ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. 0.9ರ ಒತ್ತಡದಲ್ಲಿ ಬರೀ ನೀರೂ 118 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ರಬ್ಬರ್ ಸೀಳಿದರೆ ನೂರಕ್ಕೇ ಕುದಿದು, ಓವರ್‌ಫ್ಲೋ ನಳಿಕೆಯಲ್ಲಿ ಆವಿಯಾಗಿ ಹೋಗುತ್ತದೆ. ನೆಲದ ಮೇಲೆ ಹನಿ ಎಲ್ಲಿಂದ ಕಾಣಬೇಕು? ಮುಚ್ಚಳದ ನಡುವಿನ ಪುಟ್ಟ ವಾಲ್ವ್ ತಣ್ಣಗಾಗುವಾಗ ಬಾಟಲಿಯಿಂದ ನೀರನ್ನು ವಾಪಸು ಎಳೆಯುತ್ತದೆ. ಅದು ಅಂಟಿಕೊಂಡಿದ್ದರೆ ಬೆಳಿಗ್ಗೆ ಮೇಲಿನ ಹೋಸ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿರುತ್ತದೆ. ಹಳೆಯ ಮುಚ್ಚಳದ ಅಂಕಿಯದೇ ಹೊಸತು ಹಾಕಿ. “ಹೆಚ್ಚಿನದು ಇರಲಿ” ಎಂದು 1.3ರದ್ದು ಹಾಕಿದರೆ ಹದಿನಾಲ್ಕು ವರ್ಷದ ಪ್ಲಾಸ್ಟಿಕ್ ಟ್ಯಾಂಕ್ ಬಾಯಿ ಬಿಡುತ್ತದೆ.

ಕಂಡೆನ್ಸರ್ ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ರೆಕ್ಕೆಗಳು ಮಡಚಿ ಶಾಶ್ವತವಾಗಿ ಮುಚ್ಚಿಕೊಳ್ಳುತ್ತವೆ. ರವದಿಯನ್ನು ಮೊದಲು ಒಣಗಿದ್ದಾಗಲೇ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ನಂತರ ಮನೆಯ ನಳದ ಪೈಪಿನಿಂದ, ಸಾಧ್ಯವಾದಷ್ಟೂ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ. ಕಸ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಎರಿ ಮಣ್ಣು ಹಸಿಯಾದರೆ ಉಬ್ಬುವ ಜಾತಿಯದು. ಅರ್ಧಂಬರ್ಧ ನೆನೆಸಿ ಬಿಟ್ಟರೆ ಒಣಗಿದ ಮೇಲೆ ಗಾರೆಯಾಗುತ್ತದೆ. ನೀರು ತಿಳಿಯಾಗುವವರೆಗೆ ಬಿಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಎಸಿಯೂ ಸುಧಾರಿಸುತ್ತದೆ, ಗ್ಯಾಸ್ ತುಂಬಿಸುವ ಮೊದಲೇ.

ಹತ್ತು-ಹನ್ನೆರಡರ ಪಾನಾ
ಇನ್ನ ಬೋರಿನ ನೀರಿನ ವಿಷಯ. ಬಾಗಲಕೋಟೆ, ಕಲಾದಗಿ, ಲೋಕಾಪುರ ಅಂದ್ರ ಸುಣ್ಣಕಲ್ಲಿನ ನೆಲ. ಮನ್ಯಾಗಿನ ಗೀಸರ್ ಕಾಯಿಲ್ ನೋಡೀರಲ್ಲ, ಅದೇ ಬಿಳಿ ಪದರು ರೇಡಿಯೇಟರ್ ನಳಿಕೆಯೊಳಗೂ ಕಟ್ಟೈತಿ. ಹಿಂಗ ತೊಳೀರಿ:

ತಣ್ಣನ ಎಂಜಿನ್. ಕೆಳಗಿನ ಹೋಸ್ ಬಿಚ್ಚಿ ಇಳಿಸ್ರಿ, ಇಳಿದದ್ದನ್ನ ಬಕೇಟಿನ್ಯಾಗ ಹಿಡಿದು ಅಳೀರಿ. ಹೋಸ್ ಹಾಕಿ ಸಾದಾ ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಹತ್ತು ನಿಮಿಷ ಓಡಿಸಿ, ತಣ್ಣಗಾದ ಮ್ಯಾಲೆ ಮತ್ತ ಇಳಿಸ್ರಿ. ತಿಳಿನೀರು ಬರೋತನಕ, ಮೂರು-ನಾಲ್ಕು ಸಲ. ಬಿಳಿ ಪದರು ಭಾಳ ಇದ್ರ ಲೀಟರಿಗೆ 25-30 ಗ್ರಾಂ ಲಿಂಬಿ ಉಪ್ಪು ಕರಗಿಸಿ ಹಾಕಿ ಅರ್ಧ ತಾಸು ಓಡಿಸಬಹುದು. ಅದಕ್ಕಿಂತ ಹೆಚ್ಚು ಹೊತ್ತು ಬ್ಯಾಡ, ರಾತ್ರಿಪೂರ್ತಿ ಬಿಡೋದಂತೂ ಬ್ಯಾಡೇ ಬ್ಯಾಡ. ಹೆಡ್ ಅಲ್ಯೂಮಿನಿಯಂ, ಹುಳಿ ಅದನ್ನೂ ತಿಂತೈತಿ. ಆಮೇಲೆ ಮತ್ತ ಮೂರು ಸಲ ಸಾದಾ ನೀರು, ಕಡೇ ಸಲ ಡಿಸ್ಟಿಲ್ಡ್ ವಾಟರ್.

ಹಳೇ ತಾಮ್ರದ ರೇಡಿಯೇಟರ್ ಇದ್ದಾಗ ಟ್ಯಾಂಕ್ ಬಿಚ್ಚಿ ಕಡ್ಡಿ ಹಾಕಿಸ್ತಿದ್ರು. ಇದು ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು, ಅಂಚು ಮಡಚಿ ಕೂಡ್ರಿಸಿದ್ದು. ತೊಳೆದ ಮ್ಯಾಲೂ ಹೆದ್ದಾರಿಯೊಳಗ ಕಾದ್ರ ಹೊಸಾದು ಹಾಕೋದೇ ದಾರಿ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮ್ಯಾಲೆ ಅಲ್ಲಲ್ಲಿ ಅಂಗೈ ಹತ್ರ ಹಿಡೀರಿ. ಮ್ಯಾಲೆ ಬಿಸಿ, ನಡುವ ಒಂದು ಪಟ್ಟಿ ತಣ್ಣಗ ಇದ್ರ ಅಲ್ಲಿ ನಳಿಕೆ ಕಟ್ಟೈತಿ. ಫ್ಯಾನ್ ಪ್ಲಗ್ ಬಿಚ್ಚಿಟ್ಟು ನೋಡ್ರಿ ಮತ್ತ.

ತುಂಬೋವಾಗ ಒಂದು ಸೂಕ್ಷ್ಮ ಐತಿ. ಎಷ್ಟ ಇಳಿಸಿದ್ರೂ ಬ್ಲಾಕ್, ಹೀಟರಿನ್ಯಾಗ ಒಂದಿಷ್ಟು ನೀರು ಉಳಿದೇ ಉಳೀತೈತಿ. ರೆಡಿಮಿಕ್ಸ್ ಕೂಲಂಟ್ ಹಾಕಿದ್ರ ಅದು ಇನ್ನೂ ತೆಳ್ಳಗಾಗ್ತೈತಿ. ಅದಕ್ಕ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ತಗೊಳ್ರಿ. ಬುಕ್ಕಿನ್ಯಾಗ ಕೊಟ್ಟ ಒಟ್ಟು ಅಳತೆಯ ಶೇ. 40ರಷ್ಟು ಕಾನ್ಸಂಟ್ರೇಟ್ ಮೊದಲು ಸುರೀರಿ, ಉಳಿದ ಜಾಗಕ್ಕ ಡಿಸ್ಟಿಲ್ಡ್ ವಾಟರ್. ನಮಗ ಹಿಮದ ಚಿಂತಿ ಇಲ್ಲ, ಬೇಕಾದ್ದು ತುಕ್ಕು ತಡೆಯೋ ಗುಣ ಮತ್ತ ಕುದಿಬಿಂದು. ಪೂರ್ತಿ ಕಾನ್ಸಂಟ್ರೇಟ್ ಹಾಕಿದ್ರ ಇನ್ನೂ ತಂಪು ಅಂತ ತಿಳಿಯೋದು ತಪ್ಪು, ಬಿಸಿ ಒಯ್ಯೋ ಕೆಲಸದಾಗ ನೀರೇ ಮೇಲು. ಹಸಿರು, ಕೆಂಪು ಕೂಡಿಸಬ್ಯಾಡ್ರಿ.

ಕಡೀಕ ಗಾಳಿ ತೆಗೆಯೋದು. ಮುಂದಿನ ಗಾಲಿ ಏರಿನ ಮ್ಯಾಲೆ, ಮುಚ್ಚಳ ತೆರೆದು, ಹೀಟರ್ ಬಿಸಿಗೆ, ಫ್ಯಾನ್ ಎರಡು ಸಲ ಬಂದು ಹೋಗೋತನಕ ಸುಮ್ನ ಚಾಲೂ ಇಡ್ರಿ. ಮೇಲಿನ ಹೋಸ್ ಹಿಸುಕ್ತಾ ಇರ್ರಿ, ಗುಳ್ಳಿ ಬಂದಂಗ ತುಂಬ್ರಿ. ಮುಚ್ಚಳ ಹಾಕಿ, ಬಾಟಲಿ ‘ಫುಲ್’ ಗೆರಿ ತನಕ. ಮರುದಿನ ಮುಂಜಾನೆ ಮತ್ತ ನೋಡ್ರಿ.

ಎರಿ ಹೊಲ
ಥರ್ಮೋಸ್ಟ್ಯಾಟ್ ಮಾತು ಒಪ್ಪಿದೆ. ಹೋಸ್ ಅಂದ ಕೂಡಲೇ ಪೆಟ್ರೋಲ್ ಹೋಸೂ ನೋಡ್ರಿ. ಈಗ ಬಂಕಿನ್ಯಾಗ ಬರೋದು ಇ20, ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಕಬ್ಬು ನಮ್ಮದು, ಎಥನಾಲ್ ನಮ್ಮದು, ಹೋಸು ಮಾತ್ರ 2011ರದ್ದು. ಆಗಿನ ರಬ್ಬರನ್ನ ಇಷ್ಟು ಎಥನಾಲ್ ಲೆಕ್ಕಕ್ಕ ಹಿಡಿದು ಮಾಡಿದ್ದಲ್ಲ. ಉಬ್ಬಿ ಮೆತ್ತಗಾಗ್ತೈತಿ, ಇಲ್ಲಾ ಒಣಗಿ ಸೀಳ್ತೈತಿ. ಕ್ಲಿಪ್ ಹತ್ರ ಬೆರಳಿನಿಂದ ಬಗ್ಗಿಸಿ ನೋಡ್ರಿ. ಕೂದಲೆಳೆ ಸೀಳು ಕಂಡ್ರ ಬದಲಿ ಮಾಡ್ರಿ. ಇಂಜೆಕ್ಷನ್ ಗಾಡಿಯ ಲೈನಿನ್ಯಾಗ ಒತ್ತಡ ಐತಿ, ಬೈಕಿನ ಪೆಟ್ರೋಲ್ ಪೈಪ್ ಹಾಕಬಾರದು. ಇಂಜೆಕ್ಷನ್ ಹೋಸ್ ಅಂತ ಕೇಳ್ರಿ, ಮೈಮ್ಯಾಲೆ ಜೆ30 ಆರ್9 ಅಂತ ಇರತೈತಿ. ಕ್ಲಿಪ್ಪೂ ತೂತಿನ ಪಟ್ಟಿಯದ್ದಲ್ಲ, ನಯಾ ಅಂಚಿನದ್ದು.

ಮೈಲೇಜ್ ಸ್ವಲ್ಪ ಕಡಿಮಿ ಆಗೋದು ಸಹಜ. ಎಥನಾಲಿನ್ಯಾಗ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮಿ. ಟ್ಯಾಂಕ್ ಖಾಲಿ ಇಟ್ಟು ವಾರಗಟ್ಟಲೆ ನಿಲ್ಲಿಸಬ್ಯಾಡ್ರಿ, ಎಥನಾಲ್ ಗಾಳಿಯ ತೇವ ಹೀರ್ತೈತಿ.

ಹತ್ತು-ಹನ್ನೆರಡರ ಪಾನಾ
ಕಟಕಟ ಸಪ್ಪಳ ಅಂದ್ರ ಎಡಗಾಲಿ ತಿರುಗಿಸೋ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಅದರ ಬೂಟ್ (ರಬ್ಬರ್ ಕವಚ) ಹರಿದು ಗ್ರೀಸ್ ಹಾರಿ ಹೋಗಿ ಎರಿ ಮಣ್ಣು ಒಳಗ ಸೇರೈತಿ. ಗಾಲಿಯ ಒಳಮೈಗೆ ಕರೀ ಗ್ರೀಸ್ ಸಿಡಿದಿರಬೇಕು ನೋಡ್ರಿ. ಸಪ್ಪಳ ಶುರು ಆದ ಮ್ಯಾಲೆ ಬರೀ ಬೂಟ್ ಹಾಕಿದ್ರ ಆಗಂಗಿಲ್ಲ, ಜಾಯಿಂಟ್ ಸವದೈತಿ. ಬಲಗಡೆ ಇನ್ನೂ ಸಪ್ಪಳ ಇಲ್ಲಂದ್ರ ಅಲ್ಲಿ ಬೂಟ್ ಸೀಳೈತೇನು ಈಗಲೇ ನೋಡಿ ಬದಲಿ ಮಾಡ್ರಿ. ನೂರಿನ್ನೂರರ ಬೂಟಿಗೆ ಸಾವಿರಾರು ರೂಪಾಯಿ ಜಾಯಿಂಟ್ ಉಳೀತೈತಿ. ಹಾಕೋ ಗ್ರೀಸ್ ಕರೀದು, ಮಾಲಿಬ್ಡಿನಂ ಇರೋದು. ಬೇರಿಂಗಿಗೆ ಹಾಕೋ ಹಳದಿ ಗ್ರೀಸ್ ಅಲ್ಲ.

ಅದೇ ಹೊತ್ತಿಗೆ ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟಿಗೆ ಸಣ್ಣ ಹಾರೆ ಹಾಕಿ ಎಬ್ಬಿಸಿ ನೋಡ್ರಿ. ಅವೆಲ್ಲಾ ಮುಗಿದ ಮ್ಯಾಲೆ ಅಲೈನ್‌ಮೆಂಟ್, ಮೊದಲಲ್ಲ. ಟೈರ್ 145/80 ಆರ್12, ತಯಾರಾದ ವಾರ, ವರ್ಷ ನಾಲ್ಕಂಕಿಯೊಳಗ ಇರತೈತಿ. ಕಚ್ಚು ಚಲೋ ಇದ್ರೂ ಆರೇಳು ವರ್ಷ ಆಗಿದ್ರ ನಮ್ಮ ಬಿಸಿಲಿಗೆ ಪಕ್ಕದ ಗೋಡಿ ಸೀಳಿರತೈತಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಡಬ್ಬಿ ಮುಚ್ಚಳದ ಮ್ಯಾಲೆ ಡಾಟ್ 3 ಐತೋ 4 ಐತೋ ನೋಡಿ, ಸೀಲ್ ಒಡೆಯದ ಬಾಟಲಿ ತರ್ರಿ. ಮಾಸ್ಟರ್ ಸಿಲಿಂಡರಿನಿಂದ ದೂರದ ಗಾಲಿ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಹಿಂದಿನ ಡ್ರಮ್ ಬಿಚ್ಚಿದಾಗ ವ್ಹೀಲ್ ಸಿಲಿಂಡರಿನ ರಬ್ಬರ್ ತುದಿ ಎತ್ತಿ ನೋಡ್ರಿ, ಒಳಗ ಹಸಿ ಇದ್ರ ಸೀಲ್ ಹೋಗೈತಿ.

ಖಾನಾಪುರ ಮಳಿ
ಇಟ್ಟುಕೊಳ್ಳೋದೋ ಮಾರೋದೋ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದನ್ನ ಎಂಜಿನ್ ಹೇಳೂದಿಲ್ಲ, ಬಾಡಿ ಹೇಳ್ತದ. ಎಂಜಿನ್ ಬದಲಿಗೆ ಎಂಜಿನ್ ಸಿಗ್ತದ, ಕೊಳೆತ ತಗಡಿಗೆ ಬದಲಿ ಇಲ್ಲ.

ಸಣ್ಣ ಸ್ಕ್ರೂಡ್ರೈವರ್ ಹಿಡಿದು ಗಾಡಿ ಕೆಳಗ ಹೋಗ್ರಿ. ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಅಂಚು, ಜ್ಯಾಕ್ ಕೊಡೋ ಜಾಗ, ಮುಂದಿನ ಶಾಕ್ ಅಬ್ಸಾರ್ಬರ್ ಮ್ಯಾಲಿನ ಟವರ್, ಹಿಂದಿನ ಆರ್ಮ್ ಬೋಲ್ಟ್ ಆಗಿರೋ ಜಾಗ, ಬ್ರೇಕ್ ಪೈಪ್. ಹಿಡಿಕೆಯಿಂದ ಬಡೀರಿ. ಠಣ್ ಅಂದ್ರ ಗಟ್ಟಿ, ಧಬ್ ಅಂದ್ರ ಒಳಗ ಜಂಗು. ತುದಿಯಿಂದ ಒತ್ತಿದಾಗ ತೂತು ಬಿದ್ರ, ಅದೂ ಟವರ್ ಹತ್ರ ಅಥವಾ ಆರ್ಮ್ ಹತ್ರ ಆದ್ರ, ಗಾಡಿಗೆ ಹೊಸ ಖರ್ಚು ಹಾಕಬ್ಯಾಡ್ರಿ. ಬಾಗಲಕೋಟೆ, ವಿಜಯಪುರದ ಒಣ ಹವೆಯೊಳಗ ಓಡಿದ ಗಾಡಿಯ ತಗಡು ನಮ್ಮ ಖಾನಾಪುರ, ಬೆಳಗಾವಿ ಮಳಿಯೊಳಗಿನ ಗಾಡಿಗಿಂತ ಸಾಮಾನ್ಯವಾಗಿ ಗಟ್ಟಿ ಇರ್ತದ. ಆದ್ರೂ ನೋಡ್ದೇ ನಂಬಬ್ಯಾಡ್ರಿ.

ಅಂಡರ್‌ಬಾಡಿ ಕೋಟಿಂಗ್ ಹೊಡಿಸ್ರಿ ಅಂತ ಹೇಳ್ತಾರ. ಇದ್ದ ಜಂಗಿನ ಮ್ಯಾಲೆ ಕರೀ ರಬ್ಬರ್ ಹೊಡಿಸಿದ್ರ ತೇವ ಒಳಗೇ ಉಳಿದು ಕಣ್ಣಿಗೆ ಕಾಣದಂಗ ಕೊಳೀತದ. ವೈರ್ ಬ್ರಶ್, ಜಂಗು ಕನ್ವರ್ಟರ್, ಪ್ರೈಮರ್, ಆಮೇಲೆ ಕೋಟಿಂಗ್. ಬಾಗಿಲಿನ ತಳದಾಗ ಸಣ್ಣ ಸಣ್ಣ ತೂತು ಇರ್ತಾವ, ಮಳಿನೀರು ಹೋಗೋ ದಾರಿ. ಮಣ್ಣು ತುಂಬಿರ್ತದ, ಕಡ್ಡಿ ಹಾಕಿ ತೆಗೀರಿ. ವೈಪರ್ ಕೆಳಗಿನ ಜಾಲರಿಯೊಳಗಿನ ಎಲೆನೂ ತೆಗೀರಿ. ಅಲ್ಲಿ ನೀರು ನಿಂತ್ರ ನೇರ ಕಾಲಿನ ಮ್ಯಾಟ್ ಕೆಳಗ ಬರ್ತದ.

ಗುಮ್ಮಟದ ನೆರಳು
ಆರ್‌ಸಿ ಬಗ್ಗೆ. ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ನಮೂನೆ 25. ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು, ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. 15 ವರ್ಷ ದಾಟಿದ ಕಾರಿಗೆ ಕೇಂದ್ರದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ., ತಡವಾದರೆ ತಿಂಗಳಿಗೆ 500 ರೂ. ಹೆಚ್ಚುವರಿ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದು 10,000 ಆಗಿದೆ. ರಾಜ್ಯದ ಹಸಿರು ತೆರಿಗೆ ಬೇರೆ. ವಿಮೆ, ಹೊಗೆ ತಪಾಸಣೆ, ಎಚ್‌ಎಸ್‌ಆರ್‌ಪಿ ಫಲಕ ಸರಿಯಿರಲಿ. 15 ವರ್ಷವಾದ ಪೆಟ್ರೋಲ್ ಕಾರು ರಸ್ತೆಗಿಳಿಯುವಂತಿಲ್ಲ ಎಂದು ವಾಟ್ಸಾಪಿನಲ್ಲಿ ಸುತ್ತುವುದು ದಿಲ್ಲಿ ಸುತ್ತಲಿನ ನಿಯಮ, ಕೆಎ-29ಕ್ಕೆ ಸಂಬಂಧವಿಲ್ಲ.

ನವನಗರ-29
ತಗಡು ಬಡಿದು ನೋಡಿದ್ಯಾ, ಎಲ್ಲಾ ಕಡೆ ಠಣ್ ಅಂತೈತಿ. ಇಟ್ಕೊಳ್ತೀನ್ರಿ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್ ನಡೆಸೋ ರಬ್ಬರ್ ಪಟ್ಟಿ) ಯಾವಾಗ ಹಾಕಿದ್ದು ದಾಖಲೆ ಇಲ್ಲ. ಏನ್ ಮಾಡ್ಲಿ?

ಉದ್ಯಮಬಾಗ ಲೇಥ್
ದಾಖಲೆ ಇಲ್ಲಂದ್ರ ಈಗಲೇ ಹಾಕ್ಸ್ರಿ. ಕಿ.ಮೀ. ಎಷ್ಟರ ಇರಲಿ, ರಬ್ಬರಿಗೆ ವಯಸ್ಸಾಗ್ತೈತಿ. ಐದು ವರ್ಷ ಅಥವಾ 60 ಸಾವಿರ, ಯಾವುದು ಮೊದಲೋ ಅದು ನನ್ನ ಲೆಕ್ಕ. ಬೆಲ್ಟ್ ಜೋಡಿ ಟೆನ್ಶನರ್, ಕ್ರ್ಯಾಂಕ್ ಮತ್ತ ಕ್ಯಾಮ್ ಸೀಲ್ ಬದಲಿ ಮಾಡ್ರಿ. ಸೀಲಿನಿಂದ ಆಯಿಲ್ ಹನಿದು ಹೊಸ ಬೆಲ್ಟ್ ನೆನೆದ್ರ ಮತ್ತ ಅದೇ ಹಾಡು. ವಾಟರ್ ಪಂಪೂ ಅದೇ ಬದಿಗೆ ಐತಿ. ಅದರ ಕೆಳಗ ಸಣ್ಣ ತೂತು ಇರತೈತಿ, ಅಲ್ಲಿ ಒಣಗಿದ ಬಿಳಿ, ಹಸಿರು ಗೆರಿ ಇದ್ರ ಆಗ ಮಾತ್ರ ಪಂಪ್ ಬದಲಿ. ಬೆಲ್ಟ್ ಕೂಡ್ರಿಸಿದ ಮ್ಯಾಲೆ ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗೋ ದಿಕ್ಕಿನ್ಯಾಗೇ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸ್ರಿ. ಗುರ್ತು ಮತ್ತ ಕೂಡಿದ್ರ ಕವರ್ ಮುಚ್ರಿ. ಎಲ್ಲೆರ ಗಟ್ಟಿ ತಡೆದ್ರ ಜೋರು ಮಾಡದನ ನಿಲ್ಲಸ್ರಿ.

ನವನಗರ-29
ಹಂಗಾದ್ರ ಈ ಐತವಾರ ಅರ್ಥ್ ಪಟ್ಟಿ, ಫ್ಯಾನ್ ರಿಲೇ, ಮುಚ್ಚಳ, ಥರ್ಮೋಸ್ಟ್ಯಾಟ್. ಮುಂದಿನ ಐತವಾರ ಬೆಲ್ಟ್, ಎಡಗಡೆ ಜಾಯಿಂಟ್. ಜಾಯಿಂಟಿಗೆ ಗ್ರೀಸ್ ಎಷ್ಟ ಹಾಕೋದ್ರಿ?

ಹತ್ತು-ಹನ್ನೆರಡರ ಪಾನಾ
ಕಿಟ್ಟಿನೊಳಗ ಬಂದ ಪೊಟ್ಟಣ ಪೂರ್ತಿ. ಅರ್ಧ ಜಾಯಿಂಟಿನ ಗುಂಡುಗಳ ನಡುವ ಬೆರಳಿನಿಂದ ಒತ್ತಿ, ಉಳಿದದ್ದು ಬೂಟಿನೊಳಗ. ಕ್ಲಿಪ್ ಬಿಗಿಯೋ ಮೊದಲು ಬೂಟಿನ ಸಣ್ಣ ಬಾಯಿ ಒಮ್ಮೆ ಎತ್ತಿ ಒಳಗಿನ ಗಾಳಿ ಬಿಡ್ರಿ.